ಬಣ್ಣ ಕಳೆದುಕೊಂಡ ಸೀಸೆ

ಕಾಪುವಿನ ರಿಝಾನಾ ಮಣಿಪಾಲದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆಗೆ ಸೇರಿ ನಾಲ್ಕನೇ ವರ್ಷ. ಕೆಲಸ ಚಿನ್ನದ್ದೇ, ಆದರೆ ಕಣ್ಣಿಗೆ ಕಾಣುವ ಚಿನ್ನವಲ್ಲ. ಇಪ್ಪತ್ತು-ಮೂವತ್ತು ಪರಮಾಣುಗಳು ಅಂಟಿಕೊಂಡ ಪುಟ್ಟ ಗೊಂಚಲುಗಳು. ಅವುಗಳಲ್ಲಿ ಕೆಲವು ಚಿನ್ನದ ಪರಮಾಣುಗಳ ಜಾಗಕ್ಕೆ ಬೆಳ್ಳಿಯನ್ನು ಕೂರಿಸಿದರೆ ಗೊಂಚಲು ನೇರಳಾತೀತ ದೀಪದಡಿ ಕೆಂಪಗೆ ಹೊಳೆಯುತ್ತದೆ. ಬೆಳ್ಳಿ ಹೆಚ್ಚಿದಷ್ಟೂ ಹೊಳಪು ಹೆಚ್ಚುತ್ತದೆಂದು ತೋರಿಸುವುದು ಅವಳ ಹಟವಾಗಿತ್ತು.

ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವಳು ಭಾಗವ್ವ. ಕೊಪ್ಪಳದ ಕಡೆಯಿಂದ ಬಂದು ಅಲೆವೂರಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ, ಐವತ್ತು ದಾಟಿದ ಹೆಂಗಸು. ಓದು ಬಾರದಿದ್ದರೂ ಯಾವ ಸೀಸೆ ಮುಟ್ಟಬಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಂಪು ಪಟ್ಟಿ ಅಂಟಿಸಿದ ಸೀಸೆಯಾದರೆ ಅದರ ಸುತ್ತಲಿನ ಧೂಳನ್ನು ಊದಿಯೇ ತೆಗೆಯುತ್ತಿದ್ದಳು.

ಒಂದು ಸೋಮವಾರ ರಿಝಾನಾ ಬಂದು ನೋಡಿದರೆ, ಕಿಟಕಿಯ ಬಳಿ ಗಾಜಿನ ಕಪಾಟಿನಲ್ಲಿದ್ದ ಸೀಸೆಯೊಳಗೆ ನೀರಿನಂಥ ದ್ರವ. ಬೆಳ್ಳಿ ಹೆಚ್ಚು ಸೇರಿಸಿದ ಗೊಂಚಲು ಹರಳು ಕಟ್ಟಲೆಂದು ಮೂರು ವಾರದಿಂದ ಫ್ರಿಜ್ಜಿನಲ್ಲಿ ಕಾಯ್ದಿಟ್ಟಿದ್ದ ಸೀಸೆ ಅದು. ಶುಕ್ರವಾರ ಫ್ರಿಜ್ ಕೆಟ್ಟದ್ದರಿಂದ ಅವಳೇ ಅಲ್ಲಿ ತಂದಿಟ್ಟಿದ್ದಳು. ಆಗ ಕಡು ಕಂದು ಬಣ್ಣವಿತ್ತು.

"ಭಾಗವ್ವ, ಇದನ್ನು ಚೆಲ್ಲಿ ನೀರು ತುಂಬಿಸಿದ್ದೀರಾ?"

"ಇಲ್ರೀ ಅಕ್ಕಾರ. ನಾ ಮುಟ್ಟೇ ಇಲ್ಲ."

"ಮತ್ತೆ ಬಣ್ಣ ಎಲ್ಲಿ ಹೋಯಿತು? ನಿಮ್ಮನ್ನು ಬಿಟ್ಟು ಇಲ್ಲಿ ತೊಳೆಯುವವರು ಯಾರು ಉಂಟು?"

"ದೇವರಾಣೆ ಮುಟ್ಟಿಲ್ರೀ."

ಸೀಸೆಯನ್ನು ಮೂಸಿದ್ದರೆ ಒಳಗಿರುವುದು ನೀರಲ್ಲವೆಂದು ತಿಳಿಯುತ್ತಿತ್ತು. ರಿಝಾನಾ ಮೂಸಲಿಲ್ಲ. ಸಿಟ್ಟಿನಲ್ಲಿ ಸಿಂಕಿಗೆ ಸುರಿದು, ಮಾರ್ಗದರ್ಶಕರಿಗೆ ದೂರು ಬರೆದಳು. ವಾರದೊಳಗೆ, ಕೆಲಸದವರನ್ನು ಒದಗಿಸುವ ಗುತ್ತಿಗೆದಾರ ಭಾಗವ್ವನನ್ನು ಕೆಲಸದಿಂದ ತೆಗೆದ.

ಮೂರು ತಿಂಗಳ ಮೇಲೆ ರಿಝಾನಾ ಅದೇ ಗೊಂಚಲನ್ನು ಮತ್ತೆ ತಯಾರಿಸಿದಳು. ಒಂದು ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟಳು. ಇನ್ನೊಂದನ್ನು ಯಾರೂ ಮುಟ್ಟದಂತೆ ಆ ಗಾಜಿನ ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ತನ್ನ ಬ್ಯಾಗಿಗೆ ಸೇರಿಸಿದಳು. ಎರಡನೇ ದಿನಕ್ಕೆ ಕಪಾಟಿನ ಸೀಸೆಯ ಬಣ್ಣ ಚಹಾದಷ್ಟು ತೆಳುವಾಯಿತು. ಮೂರನೇ ದಿನ ಪೂರ್ತಿ ತಿಳಿ, ತಳದಲ್ಲಿ ಚಿಟಿಕೆ ಕಪ್ಪು ಪುಡಿ. ಫ್ರಿಜ್ಜಿನ ಕತ್ತಲಲ್ಲಿದ್ದದ್ದು ಹಾಗೆಯೇ ಇತ್ತು. ಬೆಳ್ಳಿ ಹೆಚ್ಚಾದ ಗೊಂಚಲು ಚೆನ್ನಾಗಿ ಹೊಳೆಯುತ್ತದೆ ನಿಜ, ಆದರೆ ಬೆಳಕಿಗಿಟ್ಟರೆ ಒಡೆದುಹೋಗುತ್ತದೆ. ಅಂದೂ ಅದನ್ನು ಯಾರೂ ಮುಟ್ಟಿರಲಿಲ್ಲ. ರಿಝಾನಾ ಕೀಲಿ ಹಿಡಿದುಕೊಂಡೇ ಮಾರ್ಗದರ್ಶಕರ ಕೋಣೆಗೆ ನಡೆದಳು.

ಅಲೆವೂರಿನ ಭಾಗವ್ವನ ಕೋಣೆಯಲ್ಲಿ ಈಗ ಬೇರೆಯವರಿದ್ದರು. ಅವರು ಹೇಳಿದ ಗುರುತು ಹಿಡಿದು ಶಿರ್ವಕ್ಕೆ ಹೋದಳು. ಗಲ್ಫಿನಲ್ಲಿರುವವರೊಬ್ಬರ ಹೊಸ ಮನೆಯ ಕೆಲಸದಲ್ಲಿ ಭಾಗವ್ವ ಜಲ್ಲಿ ಹೊರುತ್ತಿದ್ದಳು.

"ತಪ್ಪು ನನ್ನದೇ, ಭಾಗವ್ವ. ಬೆಳಕಿಗೆ ಅದು ತಾನಾಗಿಯೇ ಹಾಳಾದದ್ದು. ಸರ್ ಹತ್ತಿರ ಎಲ್ಲ ಹೇಳಿದ್ದೇನೆ."

ಭಾಗವ್ವ ಬುಟ್ಟಿ ಇಳಿಸಿದಳು. "ನಾ ಅವತ್ತ ಹೇಳಿದ್ನಲ್ರೀ."

"ಹೌದು, ಹೇಳಿದ್ದಿರಿ."

"ಆರು ವರ್ಷದಾಗ ಒಂದು ಗ್ಲಾಸ್ ಒಡದಿಲ್ಲ ನಾ. ನೀವು ಆ ಸೀಸೆ ಒಂದ್ ಸಲ ಬಗ್ಗಿ ನೋಡಬೇಕಿತ್ತು, ಅಕ್ಕಾರ."

"ಮತ್ತೆ ಕೆಲಸಕ್ಕೆ ಬನ್ನಿ. ನಾನು ಗುತ್ತಿಗೆದಾರರ ಹತ್ತಿರ ಮಾತಾಡ್ತೇನೆ."

"ಆ ಜಾಗಕ್ಕ ಬ್ಯಾರೆಯಾಕಿ ಬಂದಾಳಂತ. ನನ್ನ ಸಲುವಾಗಿ ಆಕೀನ ತಗಸ್ತೀರೇನು?"

ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಭಾಗವ್ವ ಬುಟ್ಟಿಯನ್ನು ತಲೆಗೇರಿಸಿಕೊಂಡು ಹೋದಳು.

ಮರುವರ್ಷ ಪ್ರಬಂಧ ಮುಗಿಯಿತು. ಗೊಂಚಲು ಬೆಳಕಿಗೆ ಒಡೆಯುವ ಬಗೆಗಿನ ಅಧ್ಯಾಯವನ್ನೇ ಪರೀಕ್ಷಕರು ಹೆಚ್ಚು ಮೆಚ್ಚಿದರು. ರಿಝಾನಾಳಿಗೆ ಮಾತ್ರ ಆ ಪುಟಗಳನ್ನು ತೆರೆಯಲು ಇಂದಿಗೂ ಕೈ ಬರುವುದಿಲ್ಲ.