ಮೊಟಕು ಮೇಷ್ಟ್ರ ವಿಳಾಸ

ಆರಡಿ ಎರಡಂಗುಲದ ಆ ಆಸಾಮಿಗೆ ‘ಮೊಟಕು ಮೇಷ್ಟ್ರು’ ಎಂದು ಹೆಸರಿಟ್ಟವರು ಮುದ್ರಣಾಲಯದ ಕೆಲಸಗಾರರು. ಅವನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ, ಕಾಗದದ ಕಟ್ಟುಗಳ ನಡುವೆ ಒಂದು ಮೇಜು ಹಾಕಿಕೊಂಡು, ಸಣ್ಣಪುಟ್ಟ ಅಂಗಡಿಯವರ ಸರಕಿಗೆ ಇಂಟರ್‌ನೆಟ್ಟಿನಲ್ಲಿ ಪ್ರಚಾರ ಮಾಡಿಕೊಡುತ್ತಿದ್ದ. ಹೆಚ್ಚಾಗಿ ಮಾಡುತ್ತಿದ್ದುದು ಲಿಂಕುಗಳನ್ನು ಮೊಟಕು ಮಾಡುವ ಕೆಲಸ. ಮೊಳದುದ್ದದ, ಬಾಲಕ್ಕೆ ಬಾಲ ಗಂಟು ಹಾಕಿದಂಥ ವಿಳಾಸವನ್ನು ಹತ್ತು ಹನ್ನೆರಡು ಅಕ್ಷರಕ್ಕೆ ಇಳಿಸಿ ಡಬ್ಬ, ಚೀಟಿ, ಕೈಚೀಲಗಳ ಮೇಲೆ ಅಚ್ಚು ಹಾಕಿಸುವನು. ಯಾವ ಚೀಟಿ ನೋಡಿ ಎಷ್ಟು ಜನ ಬಂದರೆಂದು ವಾರಕ್ಕೊಮ್ಮೆ ಅಂಗಡಿಯವರಿಗೆ ಹೇಳುವನು.

ಅವನ ಹೆಂಡತಿ ಅದೇ ಬೀದಿಯ ತುದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಆಲ್ಟರ್ ಮಾಡುತ್ತಿದ್ದಳು. ಗಂಡನ ಕಸುಬೇನೆಂದು ಗಿರಾಕಿಗಳು ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. “ನಾನು ಪ್ಯಾಂಟು ಗಿಡ್ಡ ಮಾಡ್ತೀನಿ, ಅವರು ಲಿಂಕು ಗಿಡ್ಡ ಮಾಡ್ತಾರೆ. ನಮ್ಮನೇಲಿ ಉದ್ದ ಉಳಿದಿರೋದು ಅವರ ಕಾಲು, ನನ್ನ ನಾಲಿಗೆ.”

ಶುರುವಿನಲ್ಲಿ ಅವನು ಬಳಸುತ್ತಿದ್ದುದು ಒಂದು ಪುಕ್ಕಟೆ ಸೇವೆ. ಉದ್ದದ ಲಿಂಕು ಹಾಕಿ ಗುಂಡಿ ಒತ್ತಿದರೆ ಗಿಡ್ಡದ್ದು ಕೈಗೆ ಬರುತ್ತಿತ್ತು. ಅದೇ ಬೀದಿಯ ಫಿಸಿಯೋಥೆರಪಿ ಡಾಕ್ಟರಮ್ಮ ತನ್ನ ರೋಗಿಗಳಿಗೆ ಕೊಡಲು ಮೂರು ಸಾವಿರ ಹಾಳೆ ಅಚ್ಚು ಹಾಕಿಸಿದಾಗ, ಪ್ರತಿ ಹಾಳೆಯ ಕೆಳಗೂ ಅಂಥದೊಂದು ಲಿಂಕು ಕೂತಿತ್ತು; ಅದನ್ನು ತೆರೆದರೆ ಮಂಡಿ ಬಗ್ಗಿಸುವ ವ್ಯಾಯಾಮದ ವಿಡಿಯೋ. ಒಂದು ವರ್ಷ ಎಲ್ಲ ಸರಿಯಾಗಿತ್ತು. ಆಮೇಲೆ ಆ ಸೇವೆಯವರು ಯಾರನ್ನೂ ಕೇಳದೆ ನಡುವೆ ಒಂದು ಜಾಹೀರಾತಿನ ಪುಟ ತೂರಿಸಿದರು.

ಡಾಕ್ಟರಮ್ಮ ಹಾಳೆ ಹಿಡಿದುಕೊಂಡೇ ಬಂದಳು. “ಏನ್ರೀ ಮೇಷ್ಟ್ರೇ, ನಮ್ಮ ಪೇಷೆಂಟ್ ಅಜ್ಜಿ ಒಬ್ರು ಮಂಡಿ ಬಗ್ಗಿಸೋಕೆ ಹೋದ್ರೆ ಇಸ್ಪೀಟು ಆಡೋಕೆ ಕರೀತಾರಂತೆ! ಪಾಪ, ಎರಡು ಆಟ ಆಡೇಬಿಟ್ಟಿದ್ದಾರೆ.”

ಅವಳು ನಕ್ಕಳು. ಅವನಿಗೆ ನಗಲಾಗಲಿಲ್ಲ. ಹಾಳೆ ಒಯ್ದ ರೋಗಿಗಳ ಪಟ್ಟಿ ಇಸಿದುಕೊಂಡು, ಮನೆ ಮನೆಗೆ ಹೋಗಿ, ಹಳೆಯ ಲಿಂಕಿನ ಮೇಲೆ ಹೊಸದರ ಚೀಟಿ ಅಂಟಿಸಿ ಬಂದ. ಅದಕ್ಕೆ ಹನ್ನೊಂದು ದಿನ ಹಿಡಿಯಿತು.

“ಬಿಟ್ಟಿ ಸಿಕ್ಕಿದ್ರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನೋರ ಕಥೆ ಇಷ್ಟೇ,” ಎಂದಳು ಹೆಂಡತಿ, ಅವನ ಬೆರಳಿಗಂಟಿದ್ದ ಗೋಂದನ್ನು ಎಣ್ಣೆಯಲ್ಲಿ ಉಜ್ಜಿ ತೆಗೆಯುತ್ತಾ. “ನಾನು ಯಾವತ್ತಾದ್ರೂ ಬಟ್ಟೆ ಕತ್ತರಿಸ್ತೀನಾ? ಒಳಗೆ ಮಡಚಿ ಹೊಲೀತೀನಿ. ನಾಳೆ ಬಿಚ್ಚಬೇಕು ಅಂದ್ರೆ ಬಿಚ್ಚೋ ಹಾಗಿರಬೇಕು.”

ಈ ಮಾತು ಅವನ ತಲೆಯಲ್ಲಿ ನಿಂತಿತು. ಮುಂದಿನ ತಿಂಗಳು ಇಂಟರ್‌ನೆಟ್ಟಿನಲ್ಲಿ ತನ್ನದೇ ಒಂದು ಪುಟ್ಟ ವಿಳಾಸವನ್ನು, ಡೊಮೇನ್ ಅನ್ನುತ್ತಾರಲ್ಲ ಅದನ್ನು, ಕೊಂಡು ತನ್ನ ಹೆಸರಿಗೆ ನೋಂದಾಯಿಸಿದ. ಆ ವಿಳಾಸದ ಅಡಿಯಲ್ಲಿ ಲಿಂಕು ಕಟ್ಟಲು ಬಿಡುವ ಸೇವೆಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಅಚ್ಚಾದ ಮೇಲೂ ಲಿಂಕು ಹೋಗಿ ಸೇರುವ ಜಾಗವನ್ನು ಬದಲಿಸಲು ಬರಬೇಕು. ಸೇವೆಯವರು ಕೈಕೊಟ್ಟರೆ ಎಲ್ಲ ಲಿಂಕುಗಳನ್ನು ಮೂಟೆ ಕಟ್ಟಿಕೊಂಡು ಬೇರೆಯವರ ಹತ್ತಿರ ಹೋಗಲು ಬಿಡಬೇಕು. ಬಂದವರ ಸಂಖ್ಯೆ ಸಾಕು, ಅವರ ಜಾತಕ ಬೇಡ ಎನ್ನುತ್ತಿದ್ದ. ಆರು ಸೇವೆಗಳನ್ನು ಕೈಬಿಟ್ಟು ಏಳನೆಯದನ್ನು ಹಿಡಿದ. ಅಚ್ಚಿಗೆ ಕಳಿಸುವ ಮುನ್ನ ಪ್ರತಿ ಹೊಸ ಲಿಂಕನ್ನೂ ಫೋನಿನಲ್ಲಿ ಹೆಂಡತಿಗೆ ಓದಿ ಹೇಳುವುದು ಅವನ ಪದ್ಧತಿ. ಅವಳು ಒಂದು ಕೈ ಯಂತ್ರದ ಮೇಲಿಟ್ಟುಕೊಂಡೇ ಇನ್ನೊಂದು ಕೈಯ ಹೆಬ್ಬೆರಳಲ್ಲಿ ಅದನ್ನು ಫೋನಿನಲ್ಲಿ ಒತ್ತುವಳು. ‘ಏನಂದ್ರಿ?’ ಎಂದು ಅವಳು ಕೇಳಿದರೆ ಆ ಲಿಂಕು ಕಸದ ಬುಟ್ಟಿಗೆ.

ಹೀಗೆ ಒಂಬತ್ತು ವರ್ಷ ನಡೆಯಿತು. ಬೀಜದ ಪೊಟ್ಟಣ, ಕನ್ನಡಕದ ಡಬ್ಬಿ, ಮಕ್ಕಳ ಹಾಸಿಗೆ, ಡಾಕ್ಟರಮ್ಮನ ಹಾಳೆ, ಇನ್ನೂ ಏನೇನೋ. ಇಪ್ಪತ್ತಮೂರು ಜನರ ಸರಕು ಅವನ ಒಂದು ವಿಳಾಸಕ್ಕೆ ಜೋತುಬಿದ್ದಿತ್ತು. ವರ್ಷಕ್ಕೊಮ್ಮೆ ಅವನ ಫೋನಿಗೆ ಒಂದು ಕೋಡು ಬರುವುದು, ಅದನ್ನು ಹಾಕಿ ವಿಳಾಸ ನವೀಕರಿಸುವನು. ಆಮೇಲೆ ಕಾಯಿಲೆ ಬಂತು. ಶ್ವಾಸಕೋಶದಲ್ಲಿ ಬಂದದ್ದು ಬೆನ್ನಿಗೂ ಹರಡಿದೆ ಎಂದು ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು.

ಆಸ್ಪತ್ರೆಯಲ್ಲಿ ಮೂರನೆಯ ದಿನ ಮಧ್ಯಾಹ್ನ ಅವನು ಫೋನು ಕೈಗೆತ್ತಿಕೊಂಡ. “ಇಲ್ಲಿ ಕೂತ್ಕೋ. ಐದು ನಿಮಿಷದ ಕೆಲಸ. ವಿಳಾಸಾನ ನಿನ್ನ ಹೆಸರಿಗೆ ಮಾಡಿಬಿಡ್ತೀನಿ.”

“ಯಾಕೆ, ನಾನೇನು ಲಿಂಕಿಗೆ ಕಾಜಾ ಹೊಲೀಲಾ?”

“ತಮಾಷೆ ಅಲ್ಲ ಕಣೇ. ಇಲ್ನೋಡು.”

ಅವಳು ನೋಡಿದಳು. ಈಗಿನ ಮಾಲೀಕರು, ಹೊಸ ಮಾಲೀಕರು, ಅದರ ಕೆಳಗೆ ‘ಬದಲಾವಣೆಗೆ ಕಾರಣ’ ಎಂಬ ಖಾಲಿ ಚೌಕ. ಫೋನು ಅವನ ಕೈಯಿಂದ ತೆಗೆದು ದಿಂಬಿನ ಕೆಳಗಿಟ್ಟಳು. “ಮನೆಗೆ ಬನ್ನಿ, ಆಮೇಲೆ ಮಾಡೋಣ. ಈಗ ಗಂಜಿ ಕುಡೀರಿ.”

ಇನ್ನೆರಡು ಸಲ ಅವನು ಕೇಳಿದ. ಒಂದು ಸಲ ಅವಳಿಗೆ ಔಷಧಿ ತರಲು ಹೋಗಬೇಕಿತ್ತು. ಇನ್ನೊಂದು ಸಲ ಅವಳು ಸುಮ್ಮನೆ ಕಿಟಕಿಯ ಕಡೆ ತಿರುಗಿ ನಿಂತಳು. ಅವನು ಮತ್ತೆ ಕೇಳಲಿಲ್ಲ. ಐದನೆಯ ವಾರದಲ್ಲಿ ತೀರಿಕೊಂಡ.

ಅವನ ಅಣ್ಣ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಬಾಕಿ ಉಳಿದ ಕಾಗದ ಕಂಡರೆ ಅವರಿಗೆ ನಿದ್ದೆ ಬರದು. ತಮ್ಮನ ಮರಣಪತ್ರ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರು. ಎರಡನೆಯ ವಾರ ಮನೆಗೆ ಬಂದು, “ಆ ಫೋನ್ ನಂಬರೂ ಮುಚ್ಚಿಸಿಬಿಟ್ಟೆ ಕಣಮ್ಮ. ನಿನಗೊಂದು ತಲೆನೋವು ಕಡಿಮೆ ಆಯ್ತು,” ಎಂದರು. ಅವಳು “ಒಳ್ಳೇದಾಯ್ತು ಭಾವ” ಎಂದು ನೀರು ಕೊಟ್ಟಳು.

ಮರುವಾರ ಮುದ್ರಣಾಲಯದ ಯಜಮಾನಿ ಏದುಸಿರು ಬಿಡುತ್ತಾ ಹೊಲಿಗೆ ಅಂಗಡಿಗೆ ಬಂದಳು. “ಮೇಷ್ಟ್ರ ವಿಳಾಸದ ಅವಧಿ ಇನ್ನು ಒಂಬತ್ತು ದಿನಕ್ಕೆ ಮುಗಿಯುತ್ತಂತೆ. ನವೀಕರಿಸೋಣ ಅಂತ ಅವರ ಕಂಪ್ಯೂಟರ್ ತೆಗೆದರೆ ಕೋಡು ಕೇಳ್ತಿದೆ. ಅವರ ಫೋನೆಲ್ಲಿ?”

“ಫೋನಿದೆ ಅಕ್ಕ. ನಂಬರ್ ಇಲ್ಲ.”

ಯಜಮಾನಿ ಬಟ್ಟೆಗಳ ರಾಶಿಯ ಮೇಲೇ ಕುಳಿತಳು. “ಅವಧಿ ಮುಗಿದ್ರೆ ಯಾರು ಬೇಕಾದ್ರೂ ಕೊಂಡ್ಕೋಬಹುದು. ಆ ಇಸ್ಪೀಟಿನವರೇ ಕೊಂಡ್ರೂ ಕೇಳೋ ಹಾಗಿಲ್ಲ. ಇಪ್ಪತ್ತಮೂರು ಅಂಗಡಿ ಡಬ್ಬದ ಮೇಲೆಲ್ಲ ಅದೇ ಅಚ್ಚಾಗಿದೆಯಲ್ಲಮ್ಮ!”

ಸಂಗತಿ ತಿಳಿದು ಭಾವ ಓಡಿಬಂದರು. ನಂಬರು ಮತ್ತೆ ಸಿಗುವುದಿಲ್ಲವೆಂದು ಫೋನ್ ಕಂಪನಿಯವರು ಅವರಿಗೆ ಆಗಲೇ ಹೇಳಿದ್ದರು. “ಅತಿ ಬುದ್ಧಿವಂತಿಕೆ ಮಾಡಿದೆನಲ್ಲ ತಾಯಿ,” ಎಂದು ಹಣೆ ಚಚ್ಚಿಕೊಂಡರು.

“ನಿಮ್ಮ ತಪ್ಪಲ್ಲ ಭಾವ. ಅವರು ಮೂರು ಸಲ ಕರೆದ್ರು. ನಾನೇ ಕೂರಲಿಲ್ಲ.”

ಉಳಿದಿದ್ದ ದಾರಿ ಆಸ್ಪತ್ರೆಯಲ್ಲಿ ಅವನು ತೋರಿಸಿದ್ದ ಮಾಲೀಕರ ಬದಲಾವಣೆಯ ಅದೇ ಅರ್ಜಿ. ಮೊದಲಾಗಿದ್ದರೆ ಅವನು ಐದು ನಿಮಿಷದಲ್ಲಿ ಮುಗಿಸುತ್ತಿದ್ದ, ಈಗ ಅವಳು ವಿಳಾಸ ಮಾರಿದ ಕಂಪನಿಗೆ ಕಳಿಸಿ ಕಾಯಬೇಕಿತ್ತು. ಆ ಸಂಜೆಯೇ ಅವನ ಮೇಜಿನ ಮುಂದೆ ಕುಳಿತಳು. ಹೆಸರು ತುಂಬಿದಳು, ತನ್ನ ನಂಬರು ತುಂಬಿದಳು, ಮದುವೆಯ ನೋಂದಣಿ ಪತ್ರ ಸೇರಿಸಿದಳು. ಕಾರಣದ ಚೌಕಕ್ಕೆ ಬಂದಾಗ ಕೈ ನಿಂತಿತು. ಪಕ್ಕದ ಕೋಣೆಯಲ್ಲಿ ಯಂತ್ರ ಹಾಳೆ ಉಗುಳುತ್ತಿತ್ತು. ಮರಣಪತ್ರ ಭಾವನ ಹತ್ತಿರವಿತ್ತು. ಅವಳು ಅದನ್ನು ಒಮ್ಮೆಯೂ ಓದಿರಲಿಲ್ಲ. ಹೆಂಡತಿ ಅರ್ಜಿ ಹಾಕುತ್ತಿದ್ದಾಳೆಂದರೆ ಕಂಪನಿಯವರಿಗೇ ಗೊತ್ತಾಗುವುದಿಲ್ಲವೇ ಎಂದುಕೊಂಡು, ಚೌಕವನ್ನು ಖಾಲಿ ಬಿಟ್ಟು ಕಳಿಸಿದಳು.

ನಾಲ್ಕನೆಯ ದಿನ ಉತ್ತರ ಬಂತು. ಕಾರಣ ನಮೂದಿಸಿಲ್ಲ, ಆಧಾರ ಲಗತ್ತಿಸಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ.

ಯಜಮಾನಿ ಓದಿ ಅವಳ ಮುಖ ನೋಡಿದಳು. “ಖಾಲಿ ಬಿಟ್ಟಿದ್ದೆಯಾ?”

“ಹ್ಞೂಂ.”

“ಉಳಿದಿರೋದು ಐದು ದಿನ ಕಣಮ್ಮ.”

“ಗೊತ್ತಕ್ಕ.”

ಅವಳು ಅಂಗಡಿಗೆ ಬೀಗ ಹಾಕಿ ಭಾವನ ಮನೆಗೆ ನಡೆದಳು. “ಆ ಕಾಗದ ಕೊಡಿ ಭಾವ.” ಅವರು ಕವರಿನ ಸಮೇತ ಕೊಟ್ಟರು. ಅಲ್ಲೇ ಜಗಲಿಯ ಮೇಲೆ ಕುಳಿತು ತೆಗೆದು ಓದಿದಳು. ಅವನ ಹೆಸರು, ವಯಸ್ಸು, ದಿನಾಂಕ, ಬೆಳಗಿನ ಏಳು ಗಂಟೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ತಾನು ಆಸ್ಪತ್ರೆಯ ಕೆಳಮಹಡಿಯಲ್ಲಿ ಫ್ಲಾಸ್ಕಿಗೆ ಬಿಸಿನೀರು ತುಂಬಿಸುತ್ತಿದ್ದುದು ನೆನಪಾಯಿತು. ಮತ್ತೊಮ್ಮೆ ಓದಿದಳು. ಭಾವ ಒಳಗಿನಿಂದ ಏನನ್ನೋ ಕೇಳಿದರು, ಅವಳಿಗೆ ಕೇಳಿಸಲಿಲ್ಲ.

ಮುದ್ರಣಾಲಯಕ್ಕೆ ಬಂದು ಅರ್ಜಿ ತೆರೆದು, ಚೌಕದಲ್ಲಿ ಒಂದೊಂದೇ ಅಕ್ಷರ ಒತ್ತಿದಳು: ‘ನನ್ನ ಗಂಡ ಸತ್ತುಹೋಗಿದ್ದಾರೆ.’ ಯಜಮಾನಿ ಹಿಂದೆ ನಿಂತಿದ್ದಳು. ‘ನಿಧನರಾಗಿದ್ದಾರೆ ಅಂತ ಬರಿಯಮ್ಮ’ ಎನ್ನಲು ಬಾಯಿ ತೆರೆದವಳು, ಅದರ ಬದಲು ಮರಣಪತ್ರವನ್ನು ಸ್ಕ್ಯಾನ್ ಮಾಡಿ ಅರ್ಜಿಗೆ ಲಗತ್ತಿಸಿ ಕಳಿಸಿಕೊಟ್ಟಳು.

ಕೊನೆಯ ದಿನ ಮಧ್ಯಾಹ್ನ, ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಾಗ, ಅವಳ ಫೋನಿಗೆ ಕೋಡು ಬಂತು. ಕತ್ತರಿ ಕೈಯಲ್ಲೇ ಹಿಡಿದುಕೊಂಡು ಮುದ್ರಣಾಲಯಕ್ಕೆ ಓಡಿದಳು. ಆರು ಅಂಕಿ ಹಾಕಿದಳು. ವಿಳಾಸ ಇನ್ನೊಂದು ವರ್ಷಕ್ಕೆ ನವೀಕರಣಗೊಂಡಿತು. ಯಜಮಾನಿ ಬೀಜದ ಪೊಟ್ಟಣವೊಂದನ್ನು ತಂದು ಅದರ ಮೇಲಿನ ಲಿಂಕು ಒತ್ತಿ ನೋಡಿದಳು. “ತೆರೀತು! ಉಳೀತು ಕಣಮ್ಮ, ಎಲ್ಲ ಉಳೀತು,” ಎಂದು ಹೊರಗಿನ ಕೆಲಸಗಾರರಿಗೆ ಹೇಳಲು ಹೋದಳು.

ಅವಳು ಪರದೆಯ ಮುಂದೆಯೇ ಕುಳಿತಿದ್ದಳು. ಮಾಲೀಕರು ಎಂಬಲ್ಲಿ ಅವಳ ಹೆಸರಿತ್ತು. ಕೆಳಗಿನವರೆಗೆ ಸರಿಸಿದಳು, ಮತ್ತೆ ಮೇಲಕ್ಕೆ ಸರಿಸಿದಳು, ಪಕ್ಕದ ಪುಟಗಳನ್ನೂ ತೆರೆದಳು. ಒಂಬತ್ತು ವರ್ಷ ಅಲ್ಲಿದ್ದ ಅವನ ಹೆಸರು ಎಲ್ಲೂ ಇರಲಿಲ್ಲ. ಅದನ್ನು ಅಳಿಸಿ ಎಂದು ಅರ್ಜಿ ಹಾಕಿದವಳು ತಾನೇ ಎಂಬುದು ಆಗಷ್ಟೇ ಅವಳಿಗೆ ಹೊಳೆಯಿತು. ಕತ್ತರಿಯನ್ನು ಮೇಜಿನ ಮೇಲಿಟ್ಟು, ಅವನು ಹೋದಂದಿನಿಂದ ಅಳದಿದ್ದವಳು, ಆ ಕಾಗದದ ಕಟ್ಟುಗಳ ನಡುವೆ ಕುಳಿತು ಅತ್ತಳು.