ಲಾಂಡ್ರಿಗೆ ಇಳಿದ ಮಹಾರಾಣಿ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ಹಾಸಿಗೆ ಬಟ್ಟೆಗೆ ಇಸ್ತ್ರಿ ಮಾಡಿದವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ, ಸಿಟ್ಟು ಜಾಸ್ತಿ. ಆ ಸಿಟ್ಟೇ ಅವಳನ್ನು ಕಥೆ ಬರೆಯಲು ಕೂರಿಸಿದ್ದು.

ಟಿವಿಯಲ್ಲಿ ಆರು ವರ್ಷದಿಂದ ಅರಮನೆಯ ಧಾರಾವಾಹಿಯೊಂದು ಬರುತ್ತಿತ್ತು. ಅವಳೂ ಅವಳ ತಂಗಿಯೂ ಒಂದು ಕಂತನ್ನೂ ಬಿಟ್ಟವರಲ್ಲ. ಅದರಲ್ಲಿ ಮಹಾರಾಣಿಯ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಒಬ್ಬ ದಾಸಿ. ಒಂದು ದಿನ ರಾಣಿಗೆಂದು ಇಟ್ಟ ವಿಷದ ಹಾಲನ್ನು ದಾಸಿ ತಾನೇ ಕುಡಿದು ಸತ್ತಳು. ಮರುದಿನ ನೋಡಿದರೆ ರಾಣಿ ಹೊಸ ಒಡವೆ ಆರಿಸುತ್ತ ಕುಳಿತಿದ್ದಾಳೆ.

"ಒಂದು ತೊಟ್ಟು ಕಣ್ಣೀರಿಲ್ವಲ್ಲೇ ಇವಳಿಗೆ," ಎಂದಳು ಇಸ್ತ್ರಿಯಕ್ಕ.

"ದಾಸಿ ಪಾತ್ರದ ನಟಿ ಸಂಬಳ ಜಾಸ್ತಿ ಕೇಳಿರ್ತಾಳೆ, ಸಾಯಿಸಿಬಿಟ್ರು ಅಷ್ಟೇ," ಎಂದು ತಂಗಿ ನಕ್ಕಳು.

ಅಕ್ಕನಿಗೆ ನಗು ಬರಲಿಲ್ಲ. ಫೋನಿನಲ್ಲಿ ಕಥೆ ಹಾಕುವ ಜಾಗವೊಂದಿತ್ತು; ಧಾರಾವಾಹಿ ನೋಡುವವರು ಅದೇ ಪಾತ್ರಗಳನ್ನಿಟ್ಟುಕೊಂಡು ಅಲ್ಲಿ ತಮಗೆ ತೋಚಿದ್ದು ಬರೆಯುತ್ತಿದ್ದರು. ಇಸ್ತ್ರಿಯಕ್ಕ ಅಲ್ಲಿ ದಾಸಿಯನ್ನು ಬದುಕಿಸಿದಳು. ಅರಮನೆಯ ಸಂಗತಿ ಅವಳಿಗೇನು ಗೊತ್ತು? ಗೊತ್ತಿದ್ದದ್ದು ಲಾಂಡ್ರಿ. ಹಾಗಾಗಿ ರಾಣಿ, ಸೇನಾಪತಿ, ದಾಸಿ ಮೂವರೂ ಆಸ್ಪತ್ರೆಯ ಲಾಂಡ್ರಿಗೆ ಇಳಿದರು. ಸೇನಾಪತಿ ಒದ್ದೆ ಬಟ್ಟೆಯ ಗಾಡಿ ತಳ್ಳಿದ. ದಾಸಿ ಇಸ್ತ್ರಿ ಯಂತ್ರದ ಮುಂದೆ ನಿಂತಳು. ಮೇಲ್ವಿಚಾರಕಿಯಾದ ರಾಣಿಗೆ ಚಾದರದ ನಾಲ್ಕು ಮೂಲೆ ಸೇರಿಸುವುದನ್ನು ಕಲಿಯಲು ಐದು ಕಂತು ಬೇಕಾಯಿತು.

"ಬೇರೆಯವರ ಮಕ್ಕಳಿಗೆ ಅಂಗಿ ಹೊಲೀತಾ ಕೂತಿದ್ದೀಯಲ್ಲಕ್ಕ. ನಿಂದೇ ಅಂತ ಏನಾದ್ರೂ ಬರಿ," ಎಂದಳು ತಂಗಿ.

"ಅಂಗಿ ನಂದೇ ತಾನೆ?"

ಮೊದಲು ಓದಿದವರು ಹತ್ತೋ ಹನ್ನೆರಡೋ ಜನ. ಆಮೇಲೆ ಮೇಲಿನ ವಾರ್ಡುಗಳ ನರ್ಸುಗಳಿಗೆ ಗೊತ್ತಾಗಿ ಬಾಯಿಂದ ಬಾಯಿಗೆ ಹಬ್ಬಿತು. ರಾಣಿ ಕಿವಿಯೋಲೆ ಕಳಚಿಟ್ಟು ರಕ್ತದ ಕಲೆ ಉಜ್ಜಿದ ಕಂತನ್ನು ಮುನ್ನೂರು ಜನ ಓದಿದರು.

ಹೀಗಿರುವಾಗ ದೊಡ್ಡಕ್ಕನ ಕೈ ಸುಟ್ಟಿತು. ಲಾಂಡ್ರಿಯವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದ ಅವಳು ಅಲ್ಲಿ ಎಲ್ಲರಿಗಿಂತ ಹಳಬಳು, ಇಸ್ತ್ರಿಯಕ್ಕನಿಗೆ ಕೆಲಸ ಕಲಿಸಿದವಳು. ಚಾದರವನ್ನು ಬಿಸಿ ಉರುಳೆಗೆ ಕೊಡುವ ಕಡೆ ಒಂದು ತಡೆಸರಳಿರುತ್ತದೆ. ಅದಕ್ಕೆ ಕೈ ತಾಗಿದ ಕೂಡಲೇ ಯಂತ್ರ ನಿಲ್ಲಬೇಕು. ಸರಳು ಸಡಿಲವಾಗಿ ಯಂತ್ರ ಗಳಿಗೆಗೊಮ್ಮೆ ನಿಲ್ಲುತ್ತಿತ್ತು. ರಿಪೇರಿ ಮಾಡಿಸುವ ಬದಲು, ಕೆಲಸ ನಿಲ್ಲಬಾರದೆಂದು ಆಡಳಿತಾಧಿಕಾರಿ ಅದನ್ನು ಅಲುಗದಂತೆ ತಂತಿಯಿಂದ ಕಟ್ಟಿಸಿದ್ದ. ದೊಡ್ಡಕ್ಕನ ಬೆರಳು ಚಾದರದೊಟ್ಟಿಗೆ ಒಳಹೋದಾಗ ಯಂತ್ರ ನಿಲ್ಲಲಿಲ್ಲ. ಇಸ್ತ್ರಿಯಕ್ಕ ಓಡಿಹೋಗಿ ಸ್ವಿಚ್ ಆರಿಸುವಷ್ಟರಲ್ಲಿ ಅಂಗೈಯ ಚರ್ಮ ಸುಲಿದುಹೋಗಿತ್ತು.

ವಾರದ ನಂತರ ಆಡಳಿತಾಧಿಕಾರಿಯ ಸಹಿಯಿದ್ದ ವರದಿ ಬಂತು: 'ಕೆಲಸಗಾರ್ತಿಯ ಅಜಾಗರೂಕತೆ.' ಕಣ್ಣಾರೆ ಕಂಡಿದ್ದ ಇಸ್ತ್ರಿಯಕ್ಕನನ್ನು ಒಂದು ಮಾತೂ ಕೇಳಿರಲಿಲ್ಲ. ತಂತಿಯ ಸುದ್ದಿಯೇ ಇಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಒಂದು ಚಾದರಕ್ಕೂ ಸುಕ್ಕು ಬಿಡದ ದೊಡ್ಡಕ್ಕ ಅಜಾಗರೂಕಳೆ?

ಅವತ್ತು ಊಟದ ಬಿಡುವಿನಲ್ಲೇ ಕಂತು ಬರೆದಳು. ದಾಸಿಯ ಕೈ ಸುಟ್ಟಿತು. ತಂತಿ ಕಟ್ಟಿಸಿದ ರಾಣಿಯೇ, ತಪ್ಪು ದಾಸಿಯದು ಎಂಬ ಕಾಗದಕ್ಕೆ ಸಹಿ ಹಾಕಿದಳು.

ಮೂರನೇ ದಿನ ಆಡಳಿತಾಧಿಕಾರಿ ಅವಳನ್ನು ಮೇಲಕ್ಕೆ ಕರೆಸಿದ. ಮೇಜಿನ ಮೇಲೆ ಆ ಕಂತಿನ ಪ್ರತಿ.

"ಇದನ್ನ ಇವತ್ತೇ ತೆಗೀಬೇಕು ನೀವು."

"ಅದು ರಾಣಿ ಕಥೆ ಸಾರ್. ಟಿವೀಲಿ ಬರೋಳು."

"ರಾಣಿ ಯಾರು ಅಂತ ಎಲ್ರಿಗೂ ಗೊತ್ತಾಗುತ್ತೆ."

"ಅದರಲ್ಲಿ ಆಸ್ಪತ್ರೆ ಹೆಸರಿಲ್ಲ, ನಿಮ್ಮ ಹೆಸರೂ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಸಾರ್ ಹೆಗಲು ಮುಟ್ಟಿ ನೋಡ್ಕೋತೀರಿ?"

ಅವನ ಮುಖ ಕಪ್ಪಿಟ್ಟಿತು. ಸಂಜೆಯೊಳಗೆ ಅವಳನ್ನು ಕೊಳೆಬಟ್ಟೆ ಬೇರ್ಪಡಿಸುವ ಕೋಣೆಗೆ ಹಾಕಿದ ಆದೇಶ ಬಂತು. ಕೀವು, ವಾಂತಿ, ಒಮ್ಮೊಮ್ಮೆ ಬಟ್ಟೆಯಲ್ಲೇ ಉಳಿದ ಸೂಜಿ. ಬಡವನ ಕೋಪ ದವಡೆಗೆ ಮೂಲ ಎಂದು ತಂಗಿ ಗೊಣಗಿದಳು. ಇಸ್ತ್ರಿಯಕ್ಕ ಕಂತನ್ನು ತೆಗೆಯಲಿಲ್ಲ.

ಆಮೇಲೆ ಆದದ್ದನ್ನು ಅವಳೂ ಎಣಿಸಿರಲಿಲ್ಲ. ಪಾಳಿ ಮುಗಿದ ನರ್ಸುಗಳು ಒಬ್ಬೊಬ್ಬರಾಗಿ ನೆಲಮಾಳಿಗೆಗೆ ಇಳಿದು ಬರತೊಡಗಿದರು. "ದಾಸಿ ಕೈ ಸುಟ್ಟ ಯಂತ್ರ ಯಾವುದು?" ಎಂದು ಕೇಳಿದರು. ತಂತಿ ಇನ್ನೂ ಹಾಗೇ ಇತ್ತು. ಹಿರಿಯ ನರ್ಸೊಬ್ಬಳು ಅದರ ಫೋಟೋ ತೆಗೆದು, "ಕಥೆ ಓದಿ ಅತ್ತಿದ್ದಾಯ್ತು. ಈಗ ಕಾರ್ಮಿಕ ಇಲಾಖೆಗೆ ನಿನ್ನ ಹೆಸರಲ್ಲೇ ಒಂದು ದೂರು ಬರಿ. ನಾವೂ ಸಹಿ ಹಾಕ್ತೀವಿ," ಎಂದಳು.

ಬರೆದಳು. ರಾಣಿ ಇಲ್ಲ, ಸೇನಾಪತಿ ಇಲ್ಲ, ಎರಡೇ ಪುಟ. ಕೆಳಗೆ ದೊಡ್ಡಕ್ಕ ಎಡಗೈಯಲ್ಲಿ ಸೊಟ್ಟಸೊಟ್ಟ ಸಹಿ ಹಾಕಿದಳು; ಅದರ ಕೆಳಗೆ ನಲವತ್ತೊಂದು ಸಹಿ. ಕಾರ್ಮಿಕ ಇಲಾಖೆಯ ತಪಾಸಣೆಯವನು ಬಂದಾಗ ತಂತಿ ಮಾಯವಾಗಿ ಹೊಸ ಸರಳು ಮಿರಮಿರ ಮಿಂಚುತ್ತಿತ್ತು. ಆದರೆ ಫೋಟೋ ಇತ್ತಲ್ಲ. ವರದಿಯಿಂದ ಅಜಾಗರೂಕತೆಯ ಮಾತು ಹೋಯಿತು, ದೊಡ್ಡಕ್ಕನಿಗೆ ಚಿಕಿತ್ಸೆಯ ಖರ್ಚೂ ರಜೆಯೂ ಸಿಕ್ಕವು. ಆಡಳಿತಾಧಿಕಾರಿಗೆ ಏನೂ ಆಗಲಿಲ್ಲ. ಕ್ಷಮಿಸಿ ಎಂಬ ಮಾತೂ ಅವನ ಬಾಯಿಂದ ಬರಲಿಲ್ಲ. ಇಸ್ತ್ರಿಯಕ್ಕ ಇನ್ನೂ ಕೊಳೆಬಟ್ಟೆಯ ಕೋಣೆಯಲ್ಲೇ ಇದ್ದಾಳೆ.

ಓದುಗರದ್ದು ಈಗ ಒಂದೇ ವರಾತ: ರಾಣಿ ದಾಸಿಯ ಹತ್ತಿರ ತಪ್ಪೊಪ್ಪಿಕೊಳ್ಳುವ ಕಂತು ಬರೆಯಿರಿ. ತಂಗಿಯೂ ಕೇಳಿದಳು, "ಒಂದು ಸಾಲು ತಾನೆ ಅಕ್ಕ, ಬರೆದುಬಿಡಬಾರ್ದಾ? ಜನಕ್ಕೆ ಸಮಾಧಾನ ಆಗುತ್ತೆ."

"ಆಗಬಾರ್ದು," ಎಂದಳು ಇಸ್ತ್ರಿಯಕ್ಕ. "ಅವನು ಕೆಳಗಿಳಿದು ಬಂದು ದೊಡ್ಡಕ್ಕನ ಮುಂದೆ ನಿಂತು ಹೇಳ್ಲಿ. ಅವತ್ತು ಬರೀತೀನಿ."