ಇಂಚಿನಲ್ಲಿ ಬಂದ ಮಳೆ

“ನೀನು ಹಾಕಿಕೊಟ್ಟ ಆ್ಯಪಿಗೆ ಅಂತೂ ಬುದ್ಧಿ ಬಂತು ಮಾರಾಯ! ಮೂರು ಇಂಚು ಅಂತ ತೋರಿಸ್ತಾ ಇದೆ.” ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿ ಮಾವ ಫೋನನ್ನು ನನ್ನ ಮೂಗಿಗೇ ಹಿಡಿದರು.

ಯಾರು ಬೇಕಾದರೂ ತಿದ್ದಬಹುದಾದ ಆ ಉಚಿತ ಹವಾಮಾನ ಆ್ಯಪ್ ಮಳೆಯನ್ನು ಮಿಲಿಮೀಟರಿನಲ್ಲಷ್ಟೇ ಹೇಳುತ್ತಿತ್ತು. ನಮ್ಮ ಕಡೆ ಮಳೆಯ ಮಾತೆಲ್ಲ ಇಂಚಿನಲ್ಲಿ. ಅದನ್ನು ಸೇರಿಸಿ, ಆ್ಯಪ್ ನೋಡಿಕೊಳ್ಳುವವರಿಗೆ ನನ್ನ ಮೊದಲ ಕೋಡ್ ಕಳಿಸಿದ್ದೆ. ಎಂಜಿನಿಯರಿಂಗ್ ಓದಿದ್ದರೂ ನೆನಪನ್ನು ನಂಬದೆ, ಇಂಚಿಗೆ ಎಷ್ಟು ಮಿಲಿಮೀಟರ್ ಎಂದು ಮತ್ತೆ ಮತ್ತೆ ಹುಡುಕಿದ್ದೆ. ಅವರು ಒಪ್ಪಿಕೊಂಡದ್ದು ಗೊತ್ತಾದದ್ದೇ ಈಗ.

“ಮಾವ, ಇಂಚು ಸೇರಿಸಿದ್ದು ನಾನೇ.”

“ಹೌದಾ? ಹಾಗಾದ್ರೆ ಸರಿ ಮಾಡು. ನಮ್ಮಲ್ಲಿ ನಾಲ್ಕು ಬಿದ್ದಿದೆ!”

ಮಿಲಿಮೀಟರ್ ಇದ್ದಾಗ ಮಾವ ಆ ಆ್ಯಪನ್ನು ತಿರುಗಿಯೂ ನೋಡುತ್ತಿರಲಿಲ್ಲ. ಈಗ ಯಾರ ಊರಲ್ಲಿ ಮಳೆ ಹೆಚ್ಚು ಅಂತ ಹೊಸನಗರದ ನೆಂಟರ ಜೊತೆ ಆಡುವ ಜಗಳವನ್ನು ಅದರ ಜೊತೆಗೂ ಆಡುತ್ತಾರೆ. ನನಗೆ ಅಷ್ಟು ಸಾಕು.